ಏಳನೇ ನಂಬರಿನ ಲೋಟ

ವಿನೋಬನಗರ, ಶಿವಮೊಗ್ಗ
೧೬ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ಅಪ್ಪಾಜಿಗೆ ಪುಷ್ಪಾಳ ನಮಸ್ಕಾರಗಳು.

"ಮರಕ್ಕೆ ಬಾಯಿಲ್ಲ, ಮೂಗಿದ್ದವನ ಹತ್ತಿರ ಮಾತಾಡುತ್ತೆ." ಇದನ್ನು ಹೇಳುತ್ತಿದ್ದವರು ನೀವೇ ತಾನೇ? ಅಥವಾ ನಾನೇ ಎಲ್ಲೋ ಓದಿದ ಪದ್ಯದ ಸಾಲನ್ನು ನಿಮ್ಮ ಹೆಸರಿಗೆ ಹಚ್ಚಿಕೊಂಡು ಓಡಾಡುತ್ತಿದ್ದೇನೆಯೋ? ಅದರ ಮುಂದೆ ಇನ್ನರ್ಧ ಇತ್ತು ಅನ್ನಿಸುತ್ತದೆ. ಮೂರು ದಿನದಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ನೀವು ಇಲ್ಲಿದ್ದಿದ್ದರೆ ಜಗಲಿಗೆ ಬಂದು ಕಿವಿಯ ಹತ್ತಿರ ಕೂಗಿ ಕೇಳುತ್ತಿದ್ದೆ. ಈಗ ಆ ಅರ್ಧ ಸಾಲಿನ ಮೇಲೂ ಅನುಮಾನ ಬಂದಿದೆ. ಮೂಗಿದ್ದರೆ ಸಾಕೇ ಎಂದು ಕೇಳಿಕೊಳ್ಳುತ್ತೇನೆ.

ಹೇಗಿದ್ದೀರಿ? ಬಿಸಿಲಿಗೆ ಹೆದರಿ ಬಳ್ಳಾರಿ ಕಡೆಯವರು ಮಲೆನಾಡಿಗೆ ಬರುವ ಹೊತ್ತಿನಲ್ಲಿ ನೀವು ಯುಗಾದಿ ಒಬ್ಬಟ್ಟು ಅರಗುವ ಮೊದಲೇ ತೋರಣಗಲ್ಲಿಗೆ ಹೊರಟುಬಿಟ್ಟಿರಿ. ಮೊಮ್ಮಗಳು ಸುಶ್ಮಿತಾ ಕರೆದಳು ಎಂದರೆ ನಿಮಗೆ ಬಿಸಿಲೂ ಇಲ್ಲ, ಎಂಬತ್ತರ ವಯಸ್ಸೂ ಇಲ್ಲ. ಹೊಟ್ಟೆ ಉರಿ ಕಡಿಮೆಯಾಯಿತೇ? ಹೋಗುವುದಕ್ಕೆ ಮುಂಚೆ ಎರಡು ಮೂರು ವಾರ "ಏನೋ ಒಂಥರಾ ಆಗ್ತಿದೆ, ನಾಲಿಗೆ ಸುಟ್ಟ ಹಾಗೆ" ಎನ್ನುತ್ತಿದ್ದಿರಿ. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಡುತ್ತಿದ್ದಿರಿ. ಶುಗರ್ ಮಾತ್ರೆ ಬದಲಾಯಿಸಿದ್ದಕ್ಕೆ ಹಾಗಾಗಿರಬೇಕು ಅಂತ ನಾನು ಸುಮ್ಮನಿದ್ದೆ. ವಾಡಿಕೆಗೆ ಕೇಳುತ್ತಿರುವ ಕುಶಲವಲ್ಲ ಇದು ಅಪ್ಪಾಜಿ. ನನಗೆ ಸರಿಯಾದ ಉತ್ತರ ಬೇಕು.

ಫೋನು ಇರುವಾಗ ಕಾಗದ ಯಾಕೆ ಅಂತ ನಿಮ್ಮ ಮಗ ಸತೀಶ ನಗುತ್ತಾನೆ, ನಗಲಿ. ನಿಮ್ಮ ಜೊತೆ ಫೋನಿನಲ್ಲಿ ಮಾತಾಡುವುದು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಭಾನುವಾರ "ಹೊಟ್ಟೆ ಹೇಗಿದೆ?" ಎಂದು ಕೂಗಿದೆ. "ಆಯ್ತಮ್ಮ, ಚಪಾತಿ" ಎಂದಿರಿ. ಮೂವತ್ತನಾಲ್ಕು ವರ್ಷ ಭದ್ರಾವತಿ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವ ಪ್ಯಾಟರ್ನ್ ಶಾಪಿನಲ್ಲಿ ಗರಗಸದ ಯಂತ್ರದ ಪಕ್ಕ ನಿಂತ ಕಿವಿಗಳು, ಅವುಗಳ ತಪ್ಪೇನಿಲ್ಲ. ಆದರೆ ನಾನು ಹೇಳಬೇಕಾದ್ದನ್ನು ಸತೀಶನ ಬಾಯಲ್ಲಿ ಕೂಗಿಸಿದರೆ ಅವನ ಕ್ವಾರ್ಟರ್ಸಿನ ಮೂರು ಮಹಡಿಗೂ ಕೇಳುತ್ತದೆ. ಅದು ನನಗೆ ಇಷ್ಟವಿಲ್ಲ. ಅದಕ್ಕೆ ಭಾನುವಾರ ಸಂಜೆ ಅವನಿಗೆ ಮತ್ತೆ ಫೋನ್ ಮಾಡಿ, "ಅಪ್ಪಾಜಿಯ ಮರದ ಲೋಟ ಎತ್ತಿಡು, ನನ್ನ ಕಾಗದ ಬರೋ ತನಕ ಸ್ಟೀಲ್ ಲೋಟದಲ್ಲಿ ನೀರು ಕೊಡು" ಎಂದಷ್ಟೇ ಹೇಳಿದೆ. ಯಾಕೆ ಎಂದ. ಬಿಸಿಲಿಗೆ ಬಿರುಕು ಬಿಡುತ್ತೆ ಎಂದೆ. "ಅದನ್ನ ಮುಟ್ಟಿದ್ರೆ ಅಪ್ಪಾಜಿ ನನ್ನನ್ನೇ ಲೇಥಿಗೆ ಹಾಕ್ತಾರೆ ಅಕ್ಕಾ" ಅಂತ ನಕ್ಕ. ಎತ್ತಿಟ್ಟನೋ ಇಲ್ಲವೋ ತಿಳಿಯದು. ಈ ಸಾಲು ಓದುವಾಗ ಆ ಲೋಟ ನಿಮ್ಮ ಪಕ್ಕದಲ್ಲಿದ್ದರೆ ಮೊದಲು ಅದನ್ನು ದೂರ ಇಟ್ಟು ಆಮೇಲೆ ಮುಂದಕ್ಕೆ ಓದಿ. ಒಬ್ಬರೇ ಕೂತು ಓದಿ.

ಹೊನ್ನೆ ಮರದ ಲೋಟದ ನೀರು ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಾತ್ರೆಯ ಜೊತೆಗೆ ಇದೂ ಇರಲಿ ಅಂತ ಹೋದ ದೀಪಾವಳಿ ಕಳೆದ ಮೇಲೆ ನೀವು ಹಿತ್ತಲ ಶೆಡ್ಡಿನಲ್ಲಿ ಮರ ಕಡೆಯುವ ಆ ಪುಟ್ಟ ಲೇಥಿಗೆ ಮತ್ತೆ ಜೀವ ಕೊಟ್ಟಾಗ ನನಗೆ ಎಷ್ಟು ಸಂತೋಷವಾಗಿತ್ತು! ಅಮ್ಮನ ತವರಿನ ಕೊಟ್ಟಿಗೆ ಬಿಚ್ಚಿದಾಗ ತಂದಿಟ್ಟಿದ್ದ ಹೊನ್ನೆ ತೊಲೆಯ ತುಂಡು, ನೂರು ವರ್ಷ ಸಗಣಿ ಗಂಜಲದ ನಡುವೆ ನಿಂತರೂ ಒಂದು ಹುಳ ಮುಟ್ಟದ ಮರ. ಅದನ್ನು ಕೊಯ್ದು ಮೊದಲನೇ ಲೋಟ ಕಡೆದ ದಿನ ರಾತ್ರಿ ನೀರು ತುಂಬಿಟ್ಟು, ಬೆಳಿಗ್ಗೆ ಗಾಜಿನ ಲೋಟಕ್ಕೆ ಬಗ್ಗಿಸಿ ನನ್ನನ್ನು ಬಿಸಿಲಿಗೆ ಕರೆದಿರಿ. ಚಹದ ಡಿಕಾಕ್ಷನ್ನಿನ ಬಣ್ಣದ ನೀರು. ಅಂಚಿನಲ್ಲಿ ಮಾತ್ರ ಒಂದು ಎಳೆಯಷ್ಟು ನೀಲಿ. "ನೋಡು, ಈ ನೀಲಿ ಇದ್ರೆ ಹೊನ್ನೆ. ಬೇರೆ ಯಾವ ಮರಕ್ಕೂ ಇದು ಬರಲ್ಲ" ಎಂದಿರಿ. ಕಡಿದರೆ ರಕ್ತದಂಥ ಅಂಟು ಸುರಿಸುವ ಮರ, ಆ ಅಂಟನ್ನೇ ತೇದು ಅಜ್ಜಿ ನಮ್ಮ ಹಣೆಗೆ ಬೊಟ್ಟಿಡುತ್ತಿದ್ದಳು, ಭೇದಿಯಾದರೆ ಅದನ್ನೇ ಚಿಟಿಕೆ ಕೊಡುತ್ತಿದ್ದಳು. ಕೆಂಪು ಅಂಟಿನ ಮರ ನೀರಿನಲ್ಲಿ ನೀಲಿ ಬಿಡುವುದನ್ನು ನೋಡುತ್ತ ನಾನು ಕಾಲೇಜಿಗೆ ಅರ್ಧ ಗಂಟೆ ತಡ ಮಾಡಿಕೊಂಡೆ. ಪಾಠ ಮಾಡುವಾಗಲೂ ಆ ಎಳೆ ಕಣ್ಣಲ್ಲಿತ್ತು.

ಮೊದಲ ಮೂರರಲ್ಲಿ ಒಂದು ಡಾಕ್ಟರಿಗೆ, ಎರಡನೆಯದು ಚಿಕ್ಕಮ್ಮನಿಗೆ, ಮೂರನೆಯದು ಸತೀಶನಿಗೆ ಹೋಯಿತು. ಕಾರ್ಖಾನೆಯಲ್ಲಿ ಅಚ್ಚಿನ ಮಾದರಿಗಳಿಗೆ ಒತ್ತುತ್ತಿದ್ದ ನಂಬರ್ ಪಂಚಿನಿಂದಲೇ ಪ್ರತಿಯೊಂದರ ತಳಕ್ಕೂ ನಂಬರ್ ಒತ್ತಿದಿರಿ. ಸಂಕ್ರಾಂತಿಯ ಹೊತ್ತಿಗೆ ಒಂಬತ್ತು ಆಗಿದ್ದವು. ನಾಲ್ಕನೆಯದು ಬಟ್ಟೆ ಅಂಗಡಿಯ ಷಣ್ಮುಖಪ್ಪನವರಿಗೆ, ಐದನೆಯದು ನಮ್ಮ ಪಕ್ಕದ ಮನೆಯ ಅಬ್ಬಾಸ್ ಅಲಿಯವರಿಗೆ, ಆರನೆಯದು ನಿಮ್ಮ ಶಾಪಿನ ಕಲ್ಲಪ್ಪನವರಿಗೆ, ಎಂಟನೆಯದು ನನಗೆ, ಒಂಬತ್ತನೆಯದು ಭದ್ರಾವತಿಯ ದುರ್ಗಮ್ಮನಿಗೆ. ಏಳರ ಮೈಮೇಲೆ ಒಂದು ಗಂಟು ಇತ್ತು. ಗಂಟಿರುವುದನ್ನು ಇನ್ನೊಬ್ಬರಿಗೆ ಕೊಡಬಾರದು ಅಂತ ನೀವೇ ಇಟ್ಟುಕೊಂಡಿರಿ.

ಈಗ ಭಾನುವಾರದ ವಿಷಯಕ್ಕೆ ಬರುತ್ತೇನೆ. ಸಂಡಿಗೆ ಹಾಕೋಣ ಅಂತ ಹಲಗೆ ಹುಡುಕಿಕೊಂಡು ಶೆಡ್ಡಿಗೆ ಹೋದೆ. (ಸಂಡಿಗೆ ಹಾಕಲಿಲ್ಲ. ಹಿಟ್ಟು ಬೇಯಿಸಿದ್ದು ಹಾಗೇ ಹುಳಿ ಬಂತು.) ತಗಡಿನ ಕೆಳಗೆ ಒಲೆಯ ಹಾಗೆ ಕಾವು. ನೀವು ಲೋಟಕ್ಕೆ ಕೊಯ್ದು ಉಳಿಸಿದ ತುಂಡು ಗೋಡೆಗೆ ಒರಗಿಕೊಂಡಿತ್ತು. ಅದನ್ನು ಸರಿಸಿದರೆ ಅಂಗೈಗೆ ಕಪ್ಪು ಅಂಟು ಹತ್ತಿತು. ಕಾವಿಗೆ ಮರ ಬೆವರಿತ್ತು. ಗೋಣಿಚೀಲ ತೆಗೆದು ನೋಡಿದೆ. ಇನ್ನೊಂದು ತುದಿಯಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು, ಅದರ ಪಕ್ಕ ಹಳಿ ಕೂತು ಸವೆದ ತಗ್ಗು. ಅಪ್ಪಾಜಿ, ಅದು ರೈಲು ಹಳಿಯ ಕೆಳಗೆ ಹಾಕುವ ಸ್ಲೀಪರ್. ಹಳೆ ಸಣ್ಣ ಗೇಜಿನ ಹಳಿ ಕಿತ್ತಾಗ ಭದ್ರಾವತಿ ಕ್ವಾರ್ಟರ್ಸಿನ ಗೇಟಿಗೆ ಅಂತ ಹರಾಜಿನಲ್ಲಿ ತಂದಿದ್ದಿರಲ್ಲ, ಅದರ ಉಳಿದ ಅರ್ಧ. ಮಣ್ಣಲ್ಲಿ ಕೊಳೆಯದಿರಲಿ, ಗೆದ್ದಲು ತಿನ್ನದಿರಲಿ ಅಂತ ಡಾಂಬರಿನ ಎಣ್ಣೆ ಕುಡಿಸಿದ ಮರ. ಕ್ವಾರ್ಟರ್ಸ್ ಬಿಟ್ಟು ವಿನೋಬನಗರಕ್ಕೆ ಬಂದಾಗ ಲಗೇಜ್ ಆಟೋದವನು ತೊಲೆಯನ್ನೂ ಇದನ್ನೂ ಒಂದೇ ರಾಶಿ ಹಾಕಿ ಹೋಗಿದ್ದ. ತೊಲೆ ಮೂರು ಲೋಟಕ್ಕೆ ಮುಗಿದಿದೆ. ಅದರ ತುದಿಯ ಚೂರು ಲೇಥಿನ ಕೆಳಗೆ ಸಿಕ್ಕಿತು, ಒದ್ದೆ ಬೆರಳಿಗೆ ಹಳದಿ ಹತ್ತುತ್ತದೆ. ನಾಲ್ಕರಿಂದ ಮುಂದಕ್ಕೆ ನೀವು ಕಡೆದದ್ದು ಸ್ಲೀಪರನ್ನು.

ನನ್ನ ಎಂಟನೇ ನಂಬರಿನದನ್ನು ಕಪಾಟಿನಿಂದ ಇಳಿಸಿ ಬಿಸಿನೀರು ಹಾಕಿ, ಒಂದು ಗಂಟೆ ಬಿಟ್ಟು ಗಾಜಿಗೆ ಬಗ್ಗಿಸಿ ನೋಡಿದೆ. ಬಣ್ಣ ಅದೇ. ನೀಲಿ ಇಲ್ಲ. ಪೆಟ್ರೋಲ್ ಬಂಕಿನ ನೆಲದ ಮೇಲೆ ಮಳೆ ಬಿದ್ದಾಗ ಕಾಣುತ್ತದಲ್ಲ, ಹಾಗೆ ಮೇಲುಗಡೆ ತೆಳ್ಳಗೆ ಬಣ್ಣ ಬಣ್ಣದ ಎಣ್ಣೆ. ವಾಸನೆ ಅಡಿಗೆಮನೆ ತುಂಬಿತು.

ನನಗೆ ಹೆದರಿಕೆಯಾದದ್ದು ಮರ ನೋಡಿ ಅಷ್ಟೇ ಅಲ್ಲ. ಚಿಕ್ಕವರಿದ್ದಾಗ ನೀವು ಶಾಪಿನಿಂದ ಜೇಬು ತುಂಬ ಹತ್ತರಿ ಹೊಡೆದ ಮರದ ಸಿಪ್ಪೆ ತಂದು ನಮ್ಮಿಬ್ಬರ ಕಣ್ಣು ಕಟ್ಟಿ ಮೂಸಿಸುತ್ತಿದ್ದಿರಿ. ತೇಗ ಹಳೇ ಚಪ್ಪಲಿಯ ಹಾಗೆ, ಬೀಟೆ ಗುಲಾಬಿಯ ಹಾಗೆ. ಸತೀಶ ಎಲ್ಲದಕ್ಕೂ ತೇಗ ಎನ್ನುತ್ತಿದ್ದ. "ಏನೂ ಬರಲಿಲ್ಲ" ಎಂದು ನಾನು ಹೇಳಿದರೆ "ಹಂಗಾದ್ರೆ ಅದು ಹೊನ್ನೆ" ಎನ್ನುತ್ತಿದ್ದಿರಿ. ವಾಸನೆ ಕೊಡದ ಮರ. ಅಂಥ ಮೂಗಿಗೆ ಡಾಂಬರು ತಿಳಿಯಲಿಲ್ಲವೇ? ಒಂದೊಂದಾಗಿ ನೆನಪಾಗತೊಡಗಿತು. ಮೊದಲೆಲ್ಲ ಜಗಲಿಯಿಂದಲೇ "ಇಂಗು ಜಾಸ್ತಿ ಆಯ್ತು" ಎಂದು ನನ್ನ ಒಗ್ಗರಣೆಗೆ ತಕರಾರು ತೆಗೆಯುತ್ತಿದ್ದವರು ನಾಲ್ಕು ವರ್ಷದಿಂದ ಒಂದು ಮಾತು ಆಡಿಲ್ಲ. ಕೊರೊನಾ ಜ್ವರದಿಂದ ಎದ್ದ ಮೇಲೆ ಅಪ್ಪಾಜಿ ಮೆತ್ತಗಾದರು ಅಂತ ನಾನು ಹಿಗ್ಗಿಕೊಂಡಿದ್ದೆ. ಹೋದ ಶ್ರಾವಣದಲ್ಲಿ ಹಾಲಿನ ಪಾತ್ರೆ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ ಹಬ್ಬಿದಾಗ ನೀವು ಅಲ್ಲೇ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದಿರಿ. ನಾನು ಕಿವಿ ಕೇಳದ್ದಕ್ಕೆ ಎಂದುಕೊಂಡೆ. ಹಾಲು ಸೀಯುವುದು ಕಿವಿಗೆ ಕೇಳುವುದಿಲ್ಲ ಅಂತ ಎಂ.ಎ. ಓದಿದವಳಿಗೆ ಹೊಳೆಯಲಿಲ್ಲ ನೋಡಿ. ಸಿಪ್ಪೆ ಎತ್ತಿ ಮೂಗಿಗೆ ಹಿಡಿಯುವ ಅಭ್ಯಾಸ ಮಾತ್ರ ನೀವು ಬಿಟ್ಟಿಲ್ಲ, ನಾನೇ ನೋಡಿದ್ದೇನೆ. ಹಿಡಿದಿರಿ, ಏನೂ ಬರಲಿಲ್ಲ, ಹೊನ್ನೆ ಎಂದುಕೊಂಡಿರಿ. ಕಣ್ಣಿನ ಪೊರೆ ಬೇರೆ. ನಾಲ್ಕು ವರ್ಷದಿಂದ ನಿಮಗೆ ಎಲ್ಲ ಮರವೂ ಹೊನ್ನೆಯೇ. ಯಾರಿಗೂ ಹೇಳದೆ ಹೇಗಿದ್ದಿರಿ ಅಪ್ಪಾಜಿ?

ಸೋಮವಾರ ಕಾಲೇಜಿಗೆ ರಜೆ. ಮೊದಲ ಬಸ್ಸಿಗೇ ಭದ್ರಾವತಿಗೆ ಹೋದೆ. ಮೂರು ತಿಂಗಳಿಂದ ನಾಲ್ಕು ಮನೆಯವರು ಡಾಂಬರಿನ ನೀರು ಕುಡಿಯುತ್ತಿದ್ದಾರೆ, ಅದೂ ನಿಮ್ಮ ಮೇಲಿನ ನಂಬಿಕೆಗೆ, ಎಂಬುದೊಂದೇ ತಲೆಯಲ್ಲಿ. ಯಾರಿಗಾದರೂ ಏನಾದರೂ ಆಗಿದ್ದರೆ? ನಿಜ ಹೇಳಿದರೆ ನೀವು ಮತ್ತೆ ಊರಲ್ಲಿ ತಲೆಯೆತ್ತುವುದು ಹೇಗೆ? "ಅಪ್ಪಾಜಿ ಊರಿಂದ ಬಂದ ಮೇಲೆ ಮತ್ತೆ ಪಾಲಿಶ್ ಹಾಕಿ ಕೊಡ್ತಾರಂತೆ" ಅಂತ ಒಂದು ಸುಳ್ಳು ಕಟ್ಟಿಕೊಂಡೆ. ದುರ್ಗಮ್ಮ ಇಡ್ಲಿ ಅಂಗಡಿ ಮುಂದೆ ಪಾತ್ರೆ ತೊಳೆಯುತ್ತಿದ್ದಳು. "ಏನವ್ವಾ ಪುಷ್ಪಾ, ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಶಿವಮೊಗ್ಗದಿಂದ ಬಂದ್ಯಾ? ನಿಮ್ಮಪ್ಪ ಕೊಟ್ಟು ಮರೀತಾನೆ, ನೀನು ಬಡ್ಡಿ ಸಮೇತ ವಸೂಲಿ ಮಾಡ್ತೀಯ" ಎಂದು ರೇಗಿಸಿದಳು. ಆದರೂ ಒಳಗೆ ಹೋಗಿ ತಂದಳು. ಒಳಗಿದ್ದ ವೀಳ್ಯದೆಲೆ, ಸುಣ್ಣದ ಡಬ್ಬಿ ಮಡಿಲಿಗೆ ಸುರುವಿಕೊಂಡು ಲೋಟ ಕೊಟ್ಟಳು. "ದಿನಾ ಕುಡೀತಿದ್ದೀಯಾ?" ಎಂದೆ. "ಹೂಂ ಮತ್ತೆ" ಎಂದು ಆ ಕಡೆ ತಿರುಗಿ, ಉರಿಯುತ್ತಿದ್ದ ಒಲೆಗೇ ಮತ್ತೆ ಸೌದೆ ತುರುಕಿದಳು. ಎರಡು ಇಡ್ಲಿ ತಿನ್ನದೆ ಬಿಡಲಿಲ್ಲ. ಕಲ್ಲಪ್ಪನವರು ಹಳೇ ಪೇಪರಿನಲ್ಲಿ ಸುತ್ತಿದ್ದ ಲೋಟವನ್ನು ಬೀರುವಿನಿಂದ ತೆಗೆದರು. "ನಿಮ್ಮಪ್ಪನ ಕೈಗುಣ ಕಣಮ್ಮ, ಶುಗರ್ ಇಳಿದಿದೆ" ಎಂದರು. ಪೇಪರು ಸಂಕ್ರಾಂತಿಯ ಮರುದಿನದ್ದು. ಜೋಪಾನಕ್ಕೆ ಸುತ್ತಿದ್ದಾರೆ ಅಂತ ನನ್ನ ಕಣ್ಣು ತುಂಬಿತು. ಅವರ ಕಣ್ಣಿನ ಬಿಳಿ, ಉಗುರಿನ ಬಣ್ಣ ನೋಡುತ್ತ ಕೂತೆ. ಏನು ಹಾಗೆ ನೋಡ್ತೀಯಾ ಎಂದರು. ನೀವು ಬಂದ ಮೇಲೆ ಮೊದಲಿನ ಹಾಗೆ ಚೌಕಾಬಾರ ಆಡಬೇಕಂತೆ.

ನಿನ್ನೆ ಗಾಂಧಿ ಬಜಾರಿಗೆ ಹೋಗಿದ್ದೆ. ಷಣ್ಮುಖಪ್ಪನವರ ಬಟ್ಟೆ ಅಂಗಡಿಯಲ್ಲಿ ಮದುವೆ ಜವಳಿಯವರ ನೂಕುನುಗ್ಗಲು. ಗಲ್ಲಾದ ಮೇಲೆ ನಾಲ್ಕನೇ ನಂಬರ್ ಲೋಟ, ಅದರ ತುಂಬ ಪೆನ್ನು, ಕತ್ತರಿ, ಅಳತೆ ಟೇಪು. ನನ್ನನ್ನು ನೋಡಿ ಗಡಿಬಿಡಿಯಲ್ಲಿ ಎಲ್ಲವನ್ನೂ ಡ್ರಾಯರಿಗೆ ಸುರಿದು, "ಈಗಷ್ಟೇ ಕುಡಿದು ತೊಳೆದಿಟ್ಟೆ ತಾಯಿ, ಒಣಗಲಿ ಅಂತ" ಎಂದರು. ದೊಡ್ಡ ವ್ಯಾಪಾರಸ್ಥರು, ಅವರಿಗೆ ನೂರು ತಲೆನೋವು ಅಂದುಕೊಂಡೆ. ಈಗ ನಾಲ್ಕು, ಆರು, ಎಂಟು, ಒಂಬತ್ತು ನನ್ನ ಹತ್ತಿರ ಇವೆ. ಶೆಡ್ಡಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಐದನೆಯದು ಮಾತ್ರ ಬಾಕಿ. ಪಕ್ಕದ ಮನೆಯ ಕುಲ್ಸುಂ ತವರಿಗೆ ಹೋಗಿದ್ದಾಳೆ, ಅವಳ ಗಂಡ ಅಬ್ಬಾಸ್ ಅಲಿಯವರು ಸವಳಂಗ ರಸ್ತೆಯ ಮರದ ಮಿಲ್ಲಿನ ಲೋಡ್ ತಗೊಂಡು ಹುಬ್ಬಳ್ಳಿಗೆ ಹೋಗಿದ್ದಾರೆ. ಇಬ್ಬರೂ ಇವತ್ತು ಬರುತ್ತಾರಂತೆ. ಗೇಟಿನ ಸದ್ದಾದಾಗಲೆಲ್ಲ ಎದ್ದು ನೋಡುತ್ತಿದ್ದೇನೆ. ಈ ಕಾಗದದ ನಡುವೆಯೇ ನಾಲ್ಕು ಸಲ ಎದ್ದೆ. ಮೂರು ಸಲ ಬೆಕ್ಕು, ಒಂದು ಸಲ ಕೊರಿಯರ್.

ಈಗ ನೀವು ಮಾಡಬೇಕಾದ್ದು. ಸತೀಶನ ಷೋಕೇಸಿನಲ್ಲಿರುವ ಮೂರನೇ ನಂಬರಿನದು ನಿಜವಾದ ಹೊನ್ನೆ. ಬೇಕಿದ್ದರೆ ಅದರಲ್ಲಿ ಕುಡಿಯಿರಿ. ಏಳನ್ನು ಮುಟ್ಟಬೇಡಿ. ಸುಶ್ಮಿತಾ ಅದನ್ನು ಹಲ್ಲುಜ್ಜುವ ಬ್ರಷ್ಷು ಇಡುವುದಕ್ಕೂ ಬಳಸದಿರಲಿ. ನಾಳೆಯೇ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿ, ರಕ್ತ ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿ. ನಾಲಿಗೆಯ ವಿಷಯ ಮುಚ್ಚಿಡಬೇಡಿ. ಮೂಗಿನ ವಿಷಯವನ್ನೂ. ನೀವು ಒಂದು ಲೋಟಕ್ಕೂ ಹೆಚ್ಚುಕಮ್ಮಿ ಮಾಡಿದವರಲ್ಲ, ನಂಬರ್ ಒತ್ತಿ ಕೊಟ್ಟವರು. ತಪ್ಪಾಯಿತು ಎಂದು ಶೆಡ್ಡಿಗೆ ಬೀಗ ಹಾಕಿ ಕೂರುತ್ತೀರೇನೋ ಅಂತ ನನಗೆ ಭಯ. ಬೀಗ ನಾನು ಹಾಕಿದ್ದೇನೆ, ನಾನೇ ತೆಗೆಯುತ್ತೇನೆ. ಇನ್ನು ಮೇಲೆ ಸಿಪ್ಪೆ ಮೂಸುವುದು ನನ್ನ ಕೆಲಸ. ನೀವು ಕಡೆಯಿರಿ.

ಮನೆಯವರಿಗೆಲ್ಲ ನನ್ನ ನೆನಪು ತಿಳಿಸಿ. ಸುಶ್ಮಿತಾಳಿಗೆ ಅತ್ತೆಯ ಮುದ್ದು. ನಿಮ್ಮ ಕರಿಬೇವಿನ ಗಿಡ ಚಿಗುರಿದೆ. ಬಿಸಿಲಲ್ಲಿ ವಾಕಿಂಗ್ ಬೇಡ. ನಿಮ್ಮ ಆರೋಗ್ಯ ಕಾಯಲಿ ಅಂತ ಅಮ್ಮನ ಫೋಟೋದ ಮುಂದೆ ಎರಡು ಹೊತ್ತೂ ದೀಪ ಹಚ್ಚುತ್ತಿದ್ದೇನೆ, ನನಗೆ ಅಭ್ಯಾಸವಿಲ್ಲದಿದ್ದರೂ.

ನಿಮ್ಮ ಮಗಳು,
ಪುಷ್ಪಾ

ತಾ.ಕ.: ಅಪ್ಪಾಜಿ, ಕಾಗದ ತಲುಪುವ ತನಕ ಕಾಯಲಾಗಲಿಲ್ಲ. ಸತೀಶನಿಗೆ ಈಗ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಇದನ್ನು ಓದುವ ಹೊತ್ತಿಗೆ ಅವನು ನಿಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತಾನೆ. ಮೂರು ಮಹಡಿಗೂ ಕೇಳಿದ್ದರೆ ಕೇಳಲಿ, ನನ್ನನ್ನು ಕ್ಷಮಿಸಿ. ನಾನಿನ್ನೊಂದು ಮಾತು ಮುಚ್ಚಿಟ್ಟಿದ್ದೆ. ಎಂಟನೇ ನಂಬರಿನ ಲೋಟದಲ್ಲಿ ನಾನು ಒಂದು ದಿನವೂ ನೀರು ಕುಡಿದಿಲ್ಲ. ಕೊಟ್ಟ ದಿನವೇ ವಾಸನೆ ಬಂತು. ಪಾಲಿಶ್ ಇರಬೇಕು, ನಿಮ್ಮ ಮೂಗಿಗಿಂತ ನನ್ನದು ದೊಡ್ಡದೇ ಅಂದುಕೊಂಡು ಪದ್ಯದ ಪುಸ್ತಕಗಳ ಪಕ್ಕ ಇಟ್ಟೆ. "ಹೇಗಿದೆ ನೀರು?" ಎಂದು ನೀವು ಕೇಳಿದಾಗ "ಚೆನ್ನಾಗಿದೆ" ಎಂದೆ. ನಿಮ್ಮ ಮುಖ ಅಷ್ಟು ಅರಳಿತ್ತು.

ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚುವಾಗ ಕುಲ್ಸುಂ ಬಂದಳು, ನಾನು ಕೇಳುವ ಮೊದಲೇ ಐದನೇ ನಂಬರ್ ಲೋಟ ಕೈಯಲ್ಲಿತ್ತು. ಕಲ್ಲಪ್ಪನವರು ಅಬ್ಬಾಸ್ ಅಲಿಯವರಿಗೆ ಫೋನ್ ಮಾಡಿ ನಾನು ಎಲ್ಲರ ಮನೆಗೆ ಅಲೆಯುತ್ತಿರುವ ಸುದ್ದಿ ಹೇಳಿದ್ದರಂತೆ. "ಬೇಜಾರು ಮಾಡ್ಕೋಬೇಡಿ ಪುಷ್ಪಕ್ಕ. ನಮ್ಮನೆಯವರು ಮಿಲ್ಲಲ್ಲೇ ಬೆಳೆದೋರು, ಮೊದಲನೇ ದಿನಾನೇ ಮೂಸಿ ಸ್ಲೀಪರ್ ಅಂದ್ರು. ಅಪ್ಪಾಜಿಗೆ ಗೊತ್ತಿಲ್ದೆ ಇರುತ್ತಾ, ಶೋಕಿಗೆ ಕೊಟ್ಟಿರ್ತಾರೆ, ಕೇಳಿದ್ರೆ ಅವರ ಮನಸ್ಸಿಗೆ ನೋವಾಗುತ್ತೆ ಅಂದ್ರು. ಸೂಜಿ ದಾರ ಹಾಕಿಟ್ಟಿದ್ದೆ. ಕಲ್ಲಪ್ಪನೋರೂ ಸುತ್ತಿಟ್ಟಿದ್ದು ಬಿಚ್ಚೇ ಇಲ್ವಂತೆ. ಯಾರೂ ಕುಡಿದಿಲ್ಲ ಬಿಡಿ, ನೀವು ಹೆದರಬೇಡಿ" ಎಂದಳು. ವೀಳ್ಯದೆಲೆ, ಪೆನ್ನು, ಸಂಕ್ರಾಂತಿಯ ಪೇಪರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅವಳು ಚಪ್ಪಲಿ ಮೆಟ್ಟಿ ಬಾಗಿಲು ದಾಟಿದವಳು, ನನ್ನ ಮುಖ ನೋಡಿ ನಿಂತಳು. "ಪುಷ್ಪಕ್ಕ... ಅಪ್ಪಾಜಿ ಅದ್ರಲ್ಲಿ ಕುಡೀತಾ ಇದ್ರಾ?"